ಜುಬ್ಬದ ಬಂಧುಬಳಗ

ಜುಬ್ಬ ಎಂದರೆ ಯಾವ ಉಡುಪು ಎಂಬ ವಿಷಯದಲ್ಲಿ ಕನ್ನಡಿಗರಿಗೆ ಅನುಮಾನವೇ ಇಲ್ಲ. ಕಾಲರಿಲ್ಲದ, ಅಥವಾ ಕುತ್ತಿಗೆಯ ಸುತ್ತ ಬೆರಳಗಲದ ಪಟ್ಟಿಯಷ್ಟೇ ಇರುವ, ಎದೆಯ ನಡುವಿನವರೆಗೆ ಮಾತ್ರ ಸೀಳಿ ಮೂರು ನಾಲ್ಕು ಗುಂಡಿ ಇಟ್ಟ, ತಲೆಯ ಮೇಲಿನಿಂದ ತೊಟ್ಟುಕೊಳ್ಳಬೇಕಾದ, ಅಗಲ ತೋಳಿನ, ಮೊಣಕಾಲಿನ ಸಮೀಪದವರೆಗೆ ಇಳಿಯುವ ಸಡಿಲವಾದ ಅಂಗಿ ಅದು. ಖಾದಿಯದಾದರೆ ಗಾಂಧಿಯ ಕಾಲದ ನೆನಪು, ರೇಷ್ಮೆಯದಾದರೆ ಮದುವೆಯ ಗಂಡು, ಹೆಗಲಿಗೊಂದು ಬಟ್ಟೆಯ ಚೀಲ ಜೊತೆಗಿದ್ದರೆ ಕವಿ ಅಥವಾ ಕವಿಯಾಗಲು ಹೊರಟವನು. ಸಾಹಿತ್ಯ ಸಮ್ಮೇಳನದ ವೇದಿಕೆಯಿಂದ ರಾಜಕೀಯ ಸಭೆಯವರೆಗೆ ಈ ಉಡುಪು ಎಷ್ಟು ಸಹಜವಾಗಿ ಕಾಣಿಸಿಕೊಳ್ಳುತ್ತದೆಂದರೆ, ಪಂಚೆಯಷ್ಟೇ ಹಳೆಯ ನಂಟು ನಮಗೆ ಇದರೊಂದಿಗೂ ಇದೆ ಎಂದು ನಂಬುವವರು ಹಲವರು. ಪಂಚೆ ಹೊಲಿಗೆಯಿಲ್ಲದ ಬಟ್ಟೆ, ಜುಬ್ಬ ಕತ್ತರಿಸಿ ಹೊಲಿದ ಬಟ್ಟೆ. ಇವೆರಡರ ಇತಿಹಾಸಗಳು ಬೇರೆ ಬೇರೆ. ಜುಬ್ಬ ಎಂಬ ಮಾತಂತೂ ಅರಬ್ಬಿಯದು.

ಅರಬ್ಬಿಯಿಂದ ಬಂದ ಪದ ಎಂಬಷ್ಟರಲ್ಲಿ ಹೊಸತೇನೂ ಇಲ್ಲ, ಅದು ನಿಘಂಟಿನಲ್ಲೇ ಸಿಗುತ್ತದೆ. ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿರುವುದು ಈ ಪದದ ಬಂಧುಬಳಗ. ಫ್ರಾನ್ಸಿನ ಹೆಂಗಸರ ಲಂಗ, ರಷ್ಯಾದ ತುಪ್ಪಳದ ಕೋಟು, ಜಪಾನಿನ ಕಿಮೋನೋ ಒಳಗಿನ ಉಡುಪು, ಇಟಲಿಯ ಗುಂಡುನಿರೋಧಕ ಕವಚ, ಬ್ರೆಜಿಲ್ಲಿನ ದನಗಾಹಿಗಳ ಚರ್ಮದ ಅಂಗಿ ಇವೆಲ್ಲವೂ ಹೆಸರಿನ ಮಟ್ಟಿಗೆ ನಮ್ಮ ಜುಬ್ಬದ ದಾಯಾದಿಗಳೇ. ಹಳೆಯ ಮೈಸೂರಿನ ಕಡೆಯ ಅಜ್ಜಿಯರು ರವಿಕೆಗೆ ಹೇಳುತ್ತಿದ್ದ ‘ಜಂಪರು’ ಕೂಡ ಬಹುಶಃ ಇದೇ ವಂಶದ್ದು. ನಮ್ಮ ಮನೆಯಲ್ಲಿ ತಾತನ ಜುಬ್ಬ ಮತ್ತು ಅಜ್ಜಿಯ ಜಂಪರು ಒಂದೇ ಹಗ್ಗದ ಮೇಲೆ ಒಣಗುತ್ತಿದ್ದವು. ಅವುಗಳ ನಡುವೆ ರಕ್ತಸಂಬಂಧವಿರಬಹುದೆಂದು ಯಾರಿಗೂ ಹೊಳೆಯುವ ಸಾಧ್ಯತೆಯಿರಲಿಲ್ಲ.

ಅರಬ್ಬಿಯಲ್ಲಿ ‘ಜುಬ್ಬ’ ಎಂದರೆ ಇತರ ಬಟ್ಟೆಗಳ ಮೇಲೆ ತೊಡುವ, ಸಾಮಾನ್ಯವಾಗಿ ಮುಂಭಾಗ ತೆರೆದಿರುವ, ತೋಳುಗಳುಳ್ಳ ನಿಲುವಂಗಿ. ಈ ಪದದ ಮೂಲದಲ್ಲಿರುವ ಜ, ಬ, ಬ ಎಂಬ ವ್ಯಂಜನಗಳ ಧಾತುವಿಗೆ ಕತ್ತರಿಸು, ಕಡಿದುಹಾಕು ಎಂಬ ಅರ್ಥವಿದೆ. ಅದೇ ವ್ಯಂಜನಗಳಿಂದ ಬಂದ ‘ಜುಬ್ಬ್’ ಎಂಬ ಇನ್ನೊಂದು ಪದಕ್ಕೆ ಬಾವಿ, ಹೊಂಡ ಎಂದರ್ಥ. ಯೂಸುಫನನ್ನು ಅವನ ಅಣ್ಣಂದಿರು ನೂಕಿದ ಬಾವಿಯನ್ನು ಕುರಾನು ಇದೇ ಪದದಿಂದ ಕರೆಯುತ್ತದೆ. ಅರಬ್ಬಿ ನಿಘಂಟುಕಾರರು ಜುಬ್ಬ ಎಂಬುದಕ್ಕೆ ಉಡುಪಿನ ಜೊತೆಗೆ ಬೇರೆ ಅರ್ಥಗಳನ್ನೂ ಕೊಡುತ್ತಾರೆ. ಒಂದು, ಯುದ್ಧದಲ್ಲಿ ತೊಡುವ ಲೋಹದ ಕವಚ. ಇನ್ನೊಂದು, ಈಟಿಯ ಅಲಗಿನ ಬುಡದಲ್ಲಿ ಮರದ ಹಿಡಿ ಸೇರಿಕೊಳ್ಳುವ ಟೊಳ್ಳು ಭಾಗ. ಈಟಿಯ ಹಿಡಿ ಅಲಗಿನೊಳಗೆ ಹೋಗುವುದಕ್ಕೂ ಮನುಷ್ಯ ಅಂಗಿಯೊಳಗೆ ಹೋಗುವುದಕ್ಕೂ ಇರುವ ಹೋಲಿಕೆ ಆ ಭಾಷೆಯವರಿಗೆ ಕಂಡಿತ್ತು. ಒಳಗೆ ಏನನ್ನಾದರೂ ಸೇರಿಸಿಕೊಳ್ಳುವ, ಕತ್ತರಿಸಿ ಮಾಡಿದ ಟೊಳ್ಳು ಎಂಬುದು ಈ ಎಲ್ಲ ಅರ್ಥಗಳ ಹಿಂದೆ ಇದೆಯೆಂದು ನನಗೆ ತೋರುತ್ತದೆ. ಹೊದೆಯುವ, ಸುತ್ತಿಕೊಳ್ಳುವ ಬಟ್ಟೆಗಳ ಲೋಕದಲ್ಲಿ ಕತ್ತರಿಸಿ ಹೊಲಿದ ಬಟ್ಟೆಗೆ ಅಂಥ ಹೆಸರು ಬಂದಿದ್ದರೆ ಅದು ಸಹಜವೇ.

ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿಗಳಾದ ಹದೀಸುಗಳಲ್ಲಿ ಪ್ರಸಿದ್ಧವಾದ ಒಂದರಲ್ಲಿ ಈ ಉಡುಪಿನ ಉಲ್ಲೇಖವಿದೆ. ತಬೂಕ್ ದಂಡಯಾತ್ರೆಯ ಸಮಯದಲ್ಲಿ ಅವರು ಸಿರಿಯಾದ ಜುಬ್ಬವನ್ನು ತೊಟ್ಟಿದ್ದರು. ನಮಾಜಿಗೆ ಮೊದಲು ಕೈ ತೊಳೆಯಲು ತೋಳನ್ನು ಮೇಲೆ ಸರಿಸಲು ಹೋದರೆ ಅದು ಬಿಗಿಯಾಗಿದ್ದು ಮೇಲೇರಲಿಲ್ಲ. ಆದ್ದರಿಂದ ಕೈಗಳನ್ನು ಒಳಕ್ಕೆಳೆದು ಉಡುಪಿನ ಕೆಳಗಿನಿಂದ ಹೊರತೆಗೆದರು. ಧರ್ಮಶಾಸ್ತ್ರಜ್ಞರಿಗೆ ಇದು ಶುದ್ಧಿಯ ವಿಧಿಗೆ ಸಂಬಂಧಿಸಿದ ಮಾತು. ಬಟ್ಟೆಯ ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ಇದರಿಂದ ತಿಳಿಯುವುದೇ ಬೇರೆ: ಏಳನೆಯ ಶತಮಾನದಲ್ಲಿಯೇ ಜುಬ್ಬ ಬೇರೆ ಊರಿನಿಂದ ಬರುವ ಉಡುಪಾಗಿತ್ತು, ಊರಿಗೊಂದು ಕತ್ತರಿಕೆ ಇತ್ತು, ಮತ್ತು ನಾವು ಇಂದು ಜುಬ್ಬದ ಲಕ್ಷಣವೆಂದೇ ಭಾವಿಸಿರುವ ಅಗಲ ತೋಳು ಆಗ ಕಡ್ಡಾಯವಾಗಿರಲಿಲ್ಲ.

ಮುಂದೆ ಜುಬ್ಬ ವಿದ್ವಾಂಸರ, ಧರ್ಮಗುರುಗಳ, ಸೂಫಿಗಳ ಉಡುಪಾಯಿತು. ‘ಈ ಜುಬ್ಬದೊಳಗೆ ದೇವರಲ್ಲದೆ ಬೇರೇನೂ ಇಲ್ಲ’ ಎಂಬ ಮಾತನ್ನು ಕೆಲವರು ಬಾಯಜೀದ್ ಬಿಸ್ತಾಮಿಯ ಬಾಯಲ್ಲಿಡುತ್ತಾರೆ, ಕೆಲವರು ಹಲ್ಲಾಜನ ಬಾಯಲ್ಲಿ. ಯಾರು ಹೇಳಿದ್ದರೂ, ಮೈ ಎಂಬುದಕ್ಕೆ ಬದಲಾಗಿ ಉಡುಪಿನ ಹೆಸರನ್ನು ಬಳಸುವಷ್ಟು ಸೂಫಿಗಳಿಗೂ ಜುಬ್ಬಕ್ಕೂ ಹತ್ತಿರದ ಸಂಬಂಧವಿತ್ತೆಂಬುದು ಸ್ಪಷ್ಟ. ಉರ್ದುವಿನಲ್ಲಿ ‘ಜುಬ್ಬಾ ಓ ದಸ್ತಾರ್’, ಅಂದರೆ ನಿಲುವಂಗಿ ಮತ್ತು ಮುಂಡಾಸು, ಎಂಬ ಜೋಡಿಮಾತು ಧರ್ಮಪಂಡಿತರ ಸ್ಥಾನಮಾನವನ್ನು ಸೂಚಿಸುತ್ತದೆ. ಒಳಗೆ ಹುರುಳಿಲ್ಲದೆ ಹೊರವೇಷ ಮಾತ್ರ ಇರುವವರನ್ನು ಅಣಕಿಸುವುದಕ್ಕೂ ಅದೇ ಜೋಡಿ ಒದಗುತ್ತದೆ. ತುರ್ಕಿಯಲ್ಲಿ ಇದು ‘ಜುಬ್ಬೆ’ಯಾಗಿ ಇಂದು ನ್ಯಾಯಾಧೀಶರು, ವಕೀಲರು, ಪ್ರಾಧ್ಯಾಪಕರು ತೊಡುವ ಗೌನಿನ ಹೆಸರು. ಮಲಯ ಭಾಷೆಯಲ್ಲಿ ‘ಜುಬಾಹ್’ ಎಂದರೆ ಮುಸ್ಲಿಮರ ನಿಲುವಂಗಿಯೂ ಹೌದು, ಘಟಿಕೋತ್ಸವದ ದಿನ ಪದವೀಧರರು ತೊಡುವ ಕಪ್ಪು ಗೌನೂ ಹೌದು. ಪಕ್ಕದ ಇಂಡೋನೇಷ್ಯಾದಲ್ಲಿ ಕ್ರೈಸ್ತ ಪಾದ್ರಿಗಳ ನಿಲುವಂಗಿಗೂ ಅದೇ ಹೆಸರು. ಗೌರವಕ್ಕೆ ಅಗಲವಾದ ಬಟ್ಟೆಯೇ ಬೇಕೆಂಬ ನಂಬಿಕೆ ಎಲ್ಲ ಧರ್ಮಗಳಲ್ಲೂ ಇದ್ದಂತಿದೆ.

ಸೂಡಾನಿನಲ್ಲಿ ಇದೇ ಉಡುಪು ತದ್ವಿರುದ್ಧ ದಿಕ್ಕಿನಲ್ಲಿ ಹೊರಟಿತು. 1881ರಲ್ಲಿ ತಾನೇ ಮೆಹದಿ, ಅಂದರೆ ಕೊನೆಗಾಲದಲ್ಲಿ ಬರುವನೆಂದು ಮುಸ್ಲಿಮರು ನಂಬುವ ಮಾರ್ಗದರ್ಶಿ, ಎಂದು ಸಾರಿದ ಮುಹಮ್ಮದ್ ಅಹ್ಮದ್ ತನ್ನ ಅನುಯಾಯಿಗಳಿಗೆ ತೇಪೆ ಹಾಕಿದ ‘ಜಿಬ್ಬಾ’ ತೊಡಲು ಹೇಳಿದ. ಹರಿದ ಬಟ್ಟೆಗೆ ತೇಪೆ ಹಚ್ಚಿಕೊಂಡು ಬದುಕುವ ಬಡವನ, ವಿರಕ್ತನ ಲಾಂಛನವಾಗಿ ಅದು ಆರಂಭವಾಯಿತು. ಚಳವಳಿ ಸೈನ್ಯವಾಗಿ, ಸೈನ್ಯ ರಾಜ್ಯವಾದಾಗ ತೇಪೆಗಳೂ ಸಮವಸ್ತ್ರದ ಭಾಗವಾದವು: ಹೊಚ್ಚಹೊಸ ಬಟ್ಟೆಯ ಮೇಲೆ ಕಪ್ಪು, ನೀಲಿ, ಕೆಂಪು ತುಂಡುಗಳನ್ನು ಎಡಬಲ ಸರಿಸಮನಾಗಿ ಅಳೆದು ಹೊಲಿಸಿಕೊಳ್ಳುವ ಸೇನಾನಾಯಕರು ಹುಟ್ಟಿಕೊಂಡರು. 1898ರ ಒಮ್ದುರ್ಮಾನ್ ಕಾಳಗದಲ್ಲಿ ಆ ರಾಜ್ಯ ಸೋತ ಮೇಲೆ ಅಂಥ ಜಿಬ್ಬಾಗಳು ಬ್ರಿಟನ್ನಿನ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಬಡತನವನ್ನು ಇಷ್ಟು ಅಚ್ಚುಕಟ್ಟಾಗಿ ಹೊಲಿಸಿಕೊಂಡದ್ದನ್ನು ನೋಡಿದಾಗ ನಮ್ಮ ಗರಿಗರಿ ಇಸ್ತ್ರಿಯ ಖಾದಿ ಜುಬ್ಬಗಳು ನೆನಪಾಗದೆ ಇರುವುದಿಲ್ಲ.

ಇನ್ನು ಪಶ್ಚಿಮಕ್ಕೆ ಹೋದ ಕವಲು. ಎಂಟನೆಯ ಶತಮಾನದಿಂದ ಸ್ಪೇನಿನ ಬಹುಭಾಗ ಅರಬರ ಆಳ್ವಿಕೆಯಲ್ಲಿತ್ತು, ಸ್ವಲ್ಪ ಕಾಲದ ಅನಂತರ ಸಿಸಿಲಿಯೂ ಅವರದಾಯಿತು. ಸ್ಪ್ಯಾನಿಷ್ ಭಾಷೆ ಅರಬ್ಬಿಯ ‘ಅಲ್’ ಎಂಬ ಉಪಪದವನ್ನೂ ಸೇರಿಸಿಕೊಂಡು ‘ಅಲ್ಹುಬಾ’ ಎಂದು ಈಗ ಉಚ್ಚರಿಸುವ ಪದವನ್ನು ಪಡೆಯಿತು. ಅದರ ನಂಟಿನದೇ ಆದ ‘ಹುಬೋನ್’ ಎಂದರೆ ಸೊಂಟದವರೆಗಿನ ಬಿಗಿಯಾದ ಅಂಗಿ. ಸ್ಪ್ಯಾನಿಷರು ಬೆನ್ನ ಮೇಲೆ ಬೀಳುವ ಛಡಿಯೇಟಿನ ಶಿಕ್ಷೆಗೂ ‘ಏಟಿನ ಹುಬೋನ್’ ಎನ್ನುತ್ತಿದ್ದರು. ಬೆನ್ನಿಗೆ ಪೂರ್ತಿ ಅಂಟಿಕೊಂಡಿರುವ ಅಂಗಿ ಎಂಬ ಕ್ರೂರ ಹಾಸ್ಯ ಅದರಲ್ಲಿದೆ. ಪೋರ್ಚುಗೀಸರ ‘ಜಿಬಾಂವ್’ ಅಟ್ಲಾಂಟಿಕ್ ದಾಟಿ ಬ್ರೆಜಿಲ್ಲಿನ ಈಶಾನ್ಯದ ಒಣಭೂಮಿಯನ್ನು ಸೇರಿತು. ಅಲ್ಲಿನ ದನಗಾಹಿಗಳು ಮುಳ್ಳುಕಂಟಿಗಳ ನಡುವೆ ಕುದುರೆ ಓಡಿಸುವಾಗ ಮೈ ತರಚದಂತೆ ತೊಡುವ ದಪ್ಪ ಚರ್ಮದ ಅಂಗಿಗೆ ಇಂದಿಗೂ ಅದೇ ಹೆಸರು. ಅರಬ್ಬಿಯ ‘ಕವಚ’ ಎಂಬ ಅರ್ಥ ಎಲ್ಲೆಲ್ಲೋ ಸುತ್ತಿ ಅಲ್ಲಿಗೆ ಬಂದು ನಿಂತಂತಿದೆ.

ಇಟಲಿಯಲ್ಲಿ ನಡೆದದ್ದು ಕನ್ನಡಿಗರಿಗೆ ತಮಾಷೆಯಾಗಿ ಕಾಣುವಂಥದ್ದು. ಇಟಾಲಿಯನ್ ಭಾಷೆಯಲ್ಲಿ ಈ ಪದದ ಉಚ್ಚಾರಣೆ ಹೆಚ್ಚುಕಡಿಮೆ ನಮ್ಮದೇ, ದ್ವಿತ್ವಸಹಿತ ‘ಜುಬ್ಬಾ’. 1892ರಲ್ಲಿ ಮಿಲಾನಿನಲ್ಲಿ ಮೊದಲು ಪ್ರದರ್ಶನಗೊಂಡ ಲಿಯೋನ್‌ಕವಲ್ಲೋನ ‘ಪಲ್ಯಾಚ್ಚಿ’ ಎಂಬ ಸಂಗೀತನಾಟಕದಲ್ಲಿ ಒಂದು ಪ್ರಸಿದ್ಧ ಹಾಡಿದೆ. ಹೆಂಡತಿ ವಂಚಿಸುತ್ತಿರುವುದು ಆಗಷ್ಟೇ ಗೊತ್ತಾಗಿ ಎದೆ ಒಡೆದುಹೋಗಿರುವ ವಿದೂಷಕನೊಬ್ಬ, ರಂಗಕ್ಕೆ ಹೋಗಿ ಜನರನ್ನು ನಗಿಸಲೇಬೇಕಾದ ಹೊತ್ತಿನಲ್ಲಿ ತನಗೆ ತಾನೇ ಹೇಳಿಕೊಳ್ಳುವ ಮಾತು ಅದು: ‘ವೆಸ್ತಿ ಲಾ ಜುಬ್ಬಾ’, ಅಂದರೆ ವೇಷದಂಗಿ ತೊಟ್ಟುಕೊ. ಎನ್ರಿಕೋ ಕರೂಸೋ ಹಾಡಿದ ಅದರ ಧ್ವನಿಮುದ್ರಿಕೆ ಜಗತ್ಪ್ರಸಿದ್ಧ. ಆ ದುಃಖದ ಏರುದನಿಯ ನಡುವೆ ‘ಜುಬ್ಬಾ’ ಎಂಬುದು ಸ್ಪಷ್ಟವಾಗಿ ಕೇಳಿಸಿದಾಗ ನನಗೆ ನಗು ಬಂದಿತ್ತೆಂಬುದನ್ನು ಮುಚ್ಚಿಡಲಾರೆ. ಜುಬ್ಬಾದಿಂದಲೇ ಬಂದ ‘ಜುಬ್ಬೊತ್ತೊ’ ಎಂಬುದು ಇಂದಿನ ಇಟಲಿಯಲ್ಲಿ ಗಿಡ್ಡ ಜಾಕೆಟ್ಟಿನ ಹೆಸರು. ಪೊಲೀಸರು ತೊಡುವ ಗುಂಡುನಿರೋಧಕ ಕವಚಕ್ಕೂ, ದೋಣಿಯಲ್ಲಿ ತೊಡುವ ಜೀವರಕ್ಷಕ ಜಾಕೆಟ್ಟಿಗೂ ಅದೇ ಪದ ಸಲ್ಲುತ್ತದೆ.

ಫ್ರೆಂಚಿನಲ್ಲಿ ಪದ ‘ಜ್ಯೂಪ್’ ಆಯಿತು, ಮತ್ತು ಅಲ್ಲಿಂದ ಅದು ದೇಹದ ಮೇಲೆ ಇಳಿಯತೊಡಗಿತು. ಹನ್ನೆರಡನೆಯ ಶತಮಾನದ ಸುಮಾರಿಗೆ ಜ್ಯೂಪ್ ಎಂದರೆ ಗಂಡಸರೂ ಹೆಂಗಸರೂ ತೊಡುತ್ತಿದ್ದ ಒಂದು ಬಗೆಯ ಅಂಗಿ. ಹೆಂಗಸರ ಉಡುಪು ಕ್ರಮೇಣ ಸೊಂಟದಲ್ಲಿ ಎರಡು ತುಂಡಾಗಿ ಹೊಲಿಯಲ್ಪಡುತ್ತ ಬಂದಂತೆ ಮೇಲಿನದನ್ನು ‘ಜ್ಯೂಪಿನ ಮೈ’ ಎಂದೂ ಕೆಳಗಿನದನ್ನು ‘ಜ್ಯೂಪಿನ ಕೆಳಭಾಗ’ ಎಂದೂ ಕರೆಯುವ ರೂಢಿ ಬಂತು. ಮಾತಿನಲ್ಲಿ ಉದ್ದನೆಯ ಹೆಸರು ಬಾಳುವುದಿಲ್ಲ. ಮೇಲಿನ ತುಂಡಿಗೆ ಬೇರೆ ಹೆಸರುಗಳು ಸಿಕ್ಕವು, ಹಳೆಯ ಹೆಸರು ಕೆಳಗಿನ ತುಂಡಿನ ಪಾಲಿಗೆ ಉಳಿಯಿತು. ಹೀಗೆ ಹದಿನೇಳನೆಯ ಶತಮಾನದ ಹೊತ್ತಿಗೆ ಅರಬ್ಬಿ ಪಂಡಿತನ ನಿಲುವಂಗಿಯ ಹೆಸರು ಪ್ಯಾರಿಸ್ಸಿನ ಹೆಂಗಸಿನ ಲಂಗಕ್ಕೆ ಅಂಟಿಕೊಂಡಿತು, ಮತ್ತು ಅದರ ಒಳಲಂಗಕ್ಕೆ ‘ಜ್ಯುಪೋಂ’ ಎಂಬ ಹೆಸರು ನಿಂತಿತು. ಎಲ್ಲಿಯೂ ಯಾರೂ ಅರ್ಥವನ್ನು ತಪ್ಪಾಗಿ ತಿಳಿದುಕೊಂಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿ ತಲೆಮಾರಿನವರೂ ತಮ್ಮ ತಾಯಂದಿರು ಹೇಳಿದ್ದನ್ನೇ ಹೇಳಿದರು. ಬಟ್ಟೆ ಮಾತ್ರ ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತ ಹೋಯಿತು.

ಉಡುಪಿನ ಹೆಸರುಗಳು ಮೈಮೇಲೆ ಹೀಗೆ ಅಡ್ಡಾಡುವುದು ನಮಗೂ ಹೊಸತಲ್ಲ. ಪಾರಸಿಯಲ್ಲಿ ‘ರೂಮಾಲ್’ ಎಂದರೆ ಮುಖ ಒರೆಸುವ ಬಟ್ಟೆ. ಧಾರವಾಡ, ವಿಜಯಪುರದ ಕಡೆ ರುಮಾಲು ತಲೆಯ ಮೇಲೇರಿ ಕುಳಿತಿದೆ, ಅಲ್ಲಿ ಅದನ್ನು ಸುತ್ತಿಕೊಳ್ಳುವುದು ಮರ್ಯಾದೆಯ ಗುರುತು. ಅರಬ್ಬಿಯ ‘ಇಜಾರ್’ ಸೊಂಟಕ್ಕೆ ಸುತ್ತುವ, ಹೊಲಿಗೆಯಿಲ್ಲದ ಬಟ್ಟೆ, ಸರಿಸುಮಾರು ನಮ್ಮ ಪಂಚೆಯಂಥದ್ದು. ಭಾರತಕ್ಕೆ ಬರುವಷ್ಟರಲ್ಲಿ ಅದು ಲಾಡಿ ಕಟ್ಟುವ, ಎರಡು ಕಾಲುಗಳುಳ್ಳ ಹೊಲಿದ ಉಡುಪಾಗಿ, ಕನ್ನಡದಲ್ಲಿ ಇಜಾರವೆಂದೇ ನೆಲೆನಿಂತಿತು. ಇನ್ನೊಂದು ‘ಕಮೀಸು’. ಅದು ಲ್ಯಾಟಿನ್ನಿನ ‘ಕಮಿಸಿಯಾ’ದಿಂದ ಅರಬ್ಬಿಗೆ, ಅರಬ್ಬಿಯಿಂದ ಉರ್ದುವಿಗೆ, ಅಲ್ಲಿಂದ ನಮಗೆ ಬಂತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಜುಬ್ಬ ಅರಬ್ಬಿಯಿಂದ ಯುರೋಪಿಗೆ ಹೋಯಿತು, ಕಮೀಸು ಯುರೋಪಿನಿಂದ ಅರಬ್ಬಿಗೆ ಬಂತು. ಎರಡೂ ನಮ್ಮ ಟ್ರಂಕಿನಲ್ಲಿ ಒಟ್ಟಿಗೆ ಮಡಚಿ ಇಡಲ್ಪಟ್ಟವು.

ಮಧ್ಯ ಮತ್ತು ಪೂರ್ವ ಯುರೋಪಿಗೆ ಹೋದ ಶಾಖೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಟಾಲಿಯನ್ ಜುಬ್ಬಾ ಜರ್ಮನ್ ಭಾಷೆಯಲ್ಲಿ ‘ಶೌಬೆ’ಯಾಗಿ ಹದಿನಾರನೆಯ ಶತಮಾನದ ವಿದ್ವಾಂಸರ ಅಗಲವಾದ ಮೇಲಂಗಿಯಾಯಿತು. ಅದರ ಹಳೆಯ ರೂಪವೇ ರಷ್ಯನ್ನಿಗೆ ಹೋಗಿ ‘ಶೂಬಾ’ ಎಂದಾಗಿ, ಚಳಿಯ ದೇಶಕ್ಕೆ ತಕ್ಕಂತೆ ತುಪ್ಪಳದ ಕೋಟಿನ ಹೆಸರಾಗಿ ನಿಂತಿತು. ಉಪ್ಪು ಹಾಕಿದ ಹೆರಿಂಗ್ ಮೀನಿನ ಮೇಲೆ ಆಲೂಗಡ್ಡೆ, ಬೀಟ್‌ರೂಟುಗಳ ಪದರ ಹೊದಿಸಿ ಮಾಡುವ ಹೊಸ ವರ್ಷದ ತಿನಿಸಿಗೆ ರಷ್ಯನ್ನರು ‘ಶೂಬಾದ ಕೆಳಗಿನ ಮೀನು’ ಎನ್ನುತ್ತಾರೆ. ಪೋಲೆಂಡಿನ ಮೂಲಕ ಬಂದ ಇನ್ನೊಂದು ರೂಪದಿಂದ ‘ಯೂಬ್ಕಾ’ ಹುಟ್ಟಿತು, ಅದಕ್ಕೆ ಲಂಗ ಎಂದರ್ಥ. ಆದ್ದರಿಂದ ಮಾಸ್ಕೋದ ಹೆಂಗಸೊಬ್ಬಳು ಚಳಿಗಾಲದಲ್ಲಿ ಶೂಬಾ, ಯೂಬ್ಕಾ ಎರಡನ್ನೂ ತೊಟ್ಟು ಹೊರಟರೆ ನಿಘಂಟಿನ ಪ್ರಕಾರ ಜುಬ್ಬದ ಮೇಲೆ ಜುಬ್ಬ ತೊಟ್ಟಂತೆ.

ಜಪಾನಿಗೆ ಈ ಪದ ಎರಡು ಸಲ ಹೋಗಿದೆ. ಮೊದಲ ಸಲ ಪೋರ್ಚುಗೀಸರೊಂದಿಗೆ. ಅವರು 1510ರಲ್ಲಿ ಗೋವೆಯನ್ನು ಹಿಡಿದು, 1543ರಲ್ಲಿ ಜಪಾನಿನ ತಾನೆಗಾಶಿಮಾ ದ್ವೀಪವನ್ನು ಮುಟ್ಟಿದರು. ಅವರ ‘ಜಿಬಾಂವ್’ ಜಪಾನೀಯರ ಬಾಯಲ್ಲಿ ‘ಜುಬಾನ್’ ಆಗಿ ಕಿಮೋನೋದ ಒಳಗೆ ತೊಡುವ ಉಡುಪಿನ ಹೆಸರಾಯಿತು. ಬೆವರಿನಿಂದ, ಕೊಳೆಯಿಂದ ಬೆಲೆಬಾಳುವ ಕಿಮೋನೋವನ್ನು ಕಾಪಾಡುವುದು ಇದರ ಕೆಲಸ. ಕುತ್ತಿಗೆಯ ಬಳಿ ಅದರ ಪಟ್ಟಿ ಮಾತ್ರ ಇಷ್ಟು ಹೊರಗೆ ಇಣುಕಬೇಕೆಂಬ ಲೆಕ್ಕಾಚಾರವೂ ಇದೆ. ಇದಕ್ಕೆ ಚೀನೀ ಲಿಪಿಚಿಹ್ನೆಗಳನ್ನು ಜೋಡಿಸಿ ಬರೆಯುವುದರಿಂದ ಇದು ಪರದೇಶದ ಪದವೆಂದು ನೋಡಿದೊಡನೆ ತಿಳಿಯುವುದೇ ಇಲ್ಲ. ಜಪಾನಿನ ಸಾಂಪ್ರದಾಯಿಕ ಉಡುಗೆಯ ಶಾಸ್ತ್ರದಲ್ಲಿ ಅತ್ಯಂತ ಅಚ್ಚ ಜಪಾನಿ ಎನ್ನಿಸುವ ಕಡೆಯಲ್ಲೇ ಒಂದು ಅರಬ್ಬಿ ಮಾತು ಮೈಗೆ ಅಂಟಿಕೊಂಡು ಕುಳಿತಿದೆ. ಎರಡನೆಯ ಸಲ, ಹತ್ತೊಂಬತ್ತನೆಯ ಶತಮಾನದಲ್ಲಿ, ಪ್ಯಾಂಟಿಗೆ ‘ಜುಬೋನ್’ ಎಂಬ ಹೆಸರು ಬಂತು. ಫ್ರೆಂಚರ ಒಳಲಂಗವಾದ ಜ್ಯುಪೋಂ ಇದರ ಮೂಲವಿರಬೇಕೆಂದು ಜಪಾನಿ ನಿಘಂಟುಗಳು ಹೇಳುತ್ತವೆ. ಕಾಲು ತೂರಿಸಿದಾಗ ‘ಜುಬೋನ್’ ಎಂದು ಸದ್ದಾಗುವುದರಿಂದ ಆ ಹೆಸರು ಬಂತೆಂಬ ಜನಜನಿತ ವ್ಯುತ್ಪತ್ತಿಯೂ ಚಾಲ್ತಿಯಲ್ಲಿದೆ, ಮತ್ತು ಅಂಥ ವ್ಯುತ್ಪತ್ತಿಗಳಿಗೆ ಎಂದಿನಂತೆ ನಿಜವಾದುದಕ್ಕಿಂತ ಹೆಚ್ಚು ಕೇಳುಗರಿದ್ದಾರೆ.

ಇಷ್ಟರಲ್ಲಿ ಇಂಗ್ಲಿಷಿಗೆ ಬರಬಹುದು, ಏಕೆಂದರೆ ನಮ್ಮ ಅಜ್ಜಿಯರ ಜಂಪರಿಗೆ ದಾರಿ ಅದರ ಮೂಲಕವೇ ಇದೆ. ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನಲ್ಲಿ ಯೋಧರು ಲೋಹದ ಕವಚದ ಒಳಗೋ ಮೇಲೋ ತೊಡುತ್ತಿದ್ದ ದಪ್ಪ ಅಂಗಿಗೆ ‘ಜಿಪನ್’, ‘ಜುಪಾನ್’ ಎಂಬ ಹೆಸರುಗಳಿದ್ದವು. ಚಾಸರ್ ಕವಿಯ ‘ಕ್ಯಾಂಟರ್‌ಬರಿ’ ಕಥನದ ಯೋಧ ತೊಟ್ಟಿದ್ದ ಜಿಪನ್ನು ಉಕ್ಕಿನ ಕವಚದ ಕಲೆಗಳಿಂದ ಕೊಳೆಯಾಗಿತ್ತು. 1376ರಲ್ಲಿ ತೀರಿಕೊಂಡ ರಾಜಕುಮಾರ ಎಡ್ವರ್ಡನ, ಚರಿತ್ರೆ ‘ಕರಿಯ ರಾಜಕುಮಾರ’ ಎಂದು ಕರೆಯುವವನ, ಜುಪಾನು ಕ್ಯಾಂಟರ್‌ಬರಿ ಚರ್ಚಿನ ಅವನ ಸಮಾಧಿಯ ಮೇಲೆ ಶತಮಾನಗಳ ಕಾಲ ತೂಗಾಡುತ್ತಿತ್ತು ಮತ್ತು ಇಂದಿಗೂ ಉಳಿದಿದೆ. ಅರಬರೊಡನೆ ಕಾದಾಡಿದ ಯುರೋಪಿನ ಯೋಧವರ್ಗ ಅರಬರ ಅಂಗಿಯ ಹೆಸರನ್ನೇ ಎದೆಯ ಮೇಲೆ ಹೊತ್ತಿತ್ತು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷಿನಲ್ಲಿ ‘ಜಂಪ್’ ಎಂಬ ಗಿಡ್ಡ ಕೋಟಿನ ಹೆಸರು ಕಾಣಿಸಿಕೊಳ್ಳುತ್ತದೆ. ಇದು ಫ್ರೆಂಚ್ ಜ್ಯೂಪ್ ಎಂಬುದರ ಅಪಭ್ರಂಶವಿರಬಹುದೆಂದು ಪದಮೂಲ ಶೋಧಕರ ಊಹೆ. ಹಾರು, ನೆಗೆ ಎಂಬ ಜಂಪಿಗೂ ಇದಕ್ಕೂ ಸಂಬಂಧವಿಲ್ಲ. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಫ್ರೆಂಚ್ ಮೂಲವನ್ನೇ ಸೂಚಿಸಿ, ಅದು ಒಂದು ಬಗೆಯ ಒಳ ಅಂಗಿ, ಕಾಯಿಲೆಯ ಹೆಂಗಸರು ಬಿಗಿ ಕಂಚುಕಕ್ಕೆ ಬದಲಾಗಿ ತೊಡುವ ಸಡಿಲವಾದ ಕುಪ್ಪಸ ಎಂಬರ್ಥದಲ್ಲಿ ವಿವರಿಸಿದ. ಕಾಯಿಲೆಯವರು ಮಾತ್ರವಲ್ಲ, ತಿಮಿಂಗಿಲದ ಎಲುಬಿನ ಪಟ್ಟಿ ಹಾಕಿದ ಬಿಗಿ ಕಂಚುಕದಿಂದ ಉಸಿರುಕಟ್ಟುತ್ತಿದ್ದ ಎಲ್ಲ ಹೆಂಗಸರೂ ಮನೆಯಲ್ಲಿದ್ದಾಗ ಇದನ್ನೇ ತೊಡುತ್ತಿದ್ದರೆಂದು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಮಾತಿನಿಂದ ‘ಜಂಪರ್’ ಹುಟ್ಟಿ ನಾವಿಕರೂ ಕೂಲಿಗಾರರೂ ತೊಡುವ ಒರಟು ಬಟ್ಟೆಯ ಮೇಲಂಗಿಯಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅದು ಮತ್ತೆ ಹೆಂಗಸರ ಕಡೆಗೆ ಬಂದು, ತಲೆಯ ಮೇಲಿನಿಂದ ತೊಡುವ ಮೇಲುಡುಪಿನ ಹೆಸರಾಗಿ ಫ್ಯಾಷನ್ ಪತ್ರಿಕೆಗಳಲ್ಲಿ ಮೆರೆಯಿತು. ಇವತ್ತು ಬ್ರಿಟನ್ನಿನಲ್ಲಿ ಜಂಪರ್ ಎಂದರೆ ಉಣ್ಣೆಯ ಸ್ವೆಟರು, ಅಮೆರಿಕದಲ್ಲಿ ತೋಳಿಲ್ಲದ ಉದ್ದನೆಯ ಫ್ರಾಕು.

ನಮ್ಮಲ್ಲಿಗೆ ಬಂದದ್ದು ಆ ನಡುಗಾಲದ, ಹೆಂಗಸರ ಮೇಲುಡುಪೆಂಬ ಅರ್ಥದ ಜಂಪರು. ಸೀರೆಯ ಜೊತೆ ಹೊಸ ಮಾದರಿಯ, ತೋಳು ಇಟ್ಟು ಹೊಲಿದ ರವಿಕೆಗಳು ಪಟ್ಟಣದ ಮನೆಗಳಲ್ಲಿ ಹರಡತೊಡಗಿದ ಕಾಲವೂ ಹೆಚ್ಚುಕಡಿಮೆ ಅದೇ. ಹೊಸ ಹೊಲಿಗೆಗೆ ದರ್ಜಿಯವರು ಹೊಸ ಹೆಸರನ್ನೇ ಬಳಸಿರಬೇಕು. ಆಗ ಹೊಸದಾದ ಇಂಥ ಹೆಸರುಗಳು ಕನ್ನಡ ನಾಡಿನ ಒಂದೊಂದು ಕಡೆ ಒಂದೊಂದು ಎಂಬಂತೆ ಬೇರೂರಿವೆ: ಮೈಸೂರು ಸೀಮೆಯಲ್ಲಿ ಜಂಪರು, ಮರಾಠಿಯ ನೆರೆಯ ಪ್ರದೇಶಗಳಲ್ಲಿ ‘ಪೋಲಕ’, ಕರಾವಳಿಯ ಮನೆಗಳಲ್ಲಿ ‘ಜಾಕೀಟು’. ಇವು ಮೂರೂ ಯುರೋಪಿನವೇ. ಹಳೆಯ ಹೆಸರಾದ ಕುಪ್ಪಸ ಉತ್ತರ ಕರ್ನಾಟಕದಲ್ಲಿ ‘ಕುಬಸ’ವಾಗಿ ಉಳಿದಿದೆ, ಗುಳೇದಗುಡ್ಡದ ಖಣದ ಕುಬಸವನ್ನು ಇಳಕಲ್ ಸೀರೆಯ ಮೇಲೆ ತೊಡುತ್ತಾರೆ, ಬಸಿರಿಗೆ ಮಾಡುವ ಶಾಸ್ತ್ರಕ್ಕೂ ಅಲ್ಲಿ ಕುಬಸವೆಂದೇ ಹೆಸರು. ಅಮರಕೋಶ ‘ಚೋಲ’ದ ಜೊತೆಗೆ ಹೇಳುವ ‘ಕೂರ್ಪಾಸಕ’ಕ್ಕೂ ಇದಕ್ಕೂ ಇರುವ ಸಂಬಂಧ, ಯಾರಿಂದ ಯಾರು ಪಡೆದರು ಎಂಬ ಚರ್ಚೆ, ಇನ್ನೊಂದು ಬರಹಕ್ಕಾಗುವಷ್ಟು ದೊಡ್ಡದು.

ಈಗ ನಮ್ಮ ಜುಬ್ಬಕ್ಕೆ ಬರೋಣ. ದಖ್ಖನ್ನಿನಲ್ಲಿ ಬಹಮನಿ ಸುಲ್ತಾನರ ಮತ್ತು ವಿಜಯಪುರದ ಆದಿಲ್‌ಶಾಹಿಗಳ ಕಾಲದಿಂದ ಪಾರಸಿಯು ಆಡಳಿತದ ಭಾಷೆಯಾಗಿತ್ತು. ಪೈಜಾಮ, ಶಾಲು, ರುಮಾಲು, ಜೇಬು ಮುಂತಾದವು ಪಾರಸಿಯಿಂದಲೋ ಅದರೊಳಗಿದ್ದ ಅರಬ್ಬಿಯಿಂದಲೋ ಬಂದವು. ಜೇಬಿನ ಕಥೆ ಒಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದೂ ಜುಬ್ಬದ ಪಕ್ಕಕ್ಕೆ ಹೊಲಿದುಕೊಂಡೇ ಇರುತ್ತದೆ. ಸಂಸ್ಕೃತ ಗಣಿತಜ್ಞರ ‘ಜ್ಯಾ’ ಎಂಬ ಪಾರಿಭಾಷಿಕ ಪದದ ಇನ್ನೊಂದು ರೂಪವಾದ ‘ಜೀವಾ’ವನ್ನು ಅರಬರು ‘ಜೀಬಾ’ ಎಂದು ಬರೆದುಕೊಂಡರು. ಸ್ವರಚಿಹ್ನೆಗಳಿಲ್ಲದ ಬರವಣಿಗೆಯಾದ್ದರಿಂದ ಅದನ್ನು ‘ಜೈಬ್’, ಅಂದರೆ ಅಂಗಿಯ ಎದೆಯ ಮಡಿಕೆ, ಎಂದು ಓದಲಾಯಿತು. ಲ್ಯಾಟಿನ್ ಅನುವಾದಕರು ಮಡಿಕೆ ಎಂಬರ್ಥದ ‘ಸೈನಸ್’ ಎಂದರು. ಹೀಗೆ ಶಾಲೆಯ ತ್ರಿಕೋನಮಿತಿಯ ‘ಸೈನ್’ ಹುಟ್ಟಿತು. ನಮ್ಮ ಜೇಬು ಆ ಜೈಬ್ ಎಂಬುದರ ಮಗ.

ಭಾರತದೊಳಗೂ ಜುಬ್ಬದ ಅರ್ಥ ಒಂದೇ ಇಲ್ಲ. ಬಂಗಾಳಿಯಲ್ಲಿ ‘ಜೋಬ್ಬಾ’ ಎಂದರೆ ಪಾದದವರೆಗೆ ಇಳಿಯುವ ನಿಲುವಂಗಿ. ಮುದಿವಯಸ್ಸಿನ ರವೀಂದ್ರನಾಥ ಠಾಕೂರರ ಛಾಯಾಚಿತ್ರಗಳಲ್ಲಿ ಕಾಣುವುದು ಅದು, ಮತ್ತು ಅರಬ್ಬಿ ಮೂಲಕ್ಕೆ ಬಹಳ ಹತ್ತಿರವಾದದ್ದೂ ಅದೇ. ನಾವು ಜುಬ್ಬ ಎನ್ನುವ ಅಂಗಿಯನ್ನು ಬಂಗಾಳಿಗಳು ‘ಪಂಜಾಬಿ’ ಎನ್ನುತ್ತಾರೆ. ಉತ್ತರದವರಿಗೆ ಅದು ಕುರ್ತಾ. ಕನ್ನಡ, ತೆಲುಗು, ಮಲಯಾಳಗಳಲ್ಲಿ ಜುಬ್ಬ, ತಮಿಳಿನಲ್ಲಿ ‘ಜಿಪ್ಪಾ’. ಅಂದರೆ ಉತ್ತರದಲ್ಲಿ ನಿಲುವಂಗಿಗೆ ಮೀಸಲಾದ ಹೆಸರು ದಕ್ಷಿಣದಲ್ಲಿ ಗಿಡ್ಡ ಅಂಗಿಗೆ ಬಂದಿದೆ. ನನಗೆ ತೋರುವ ಕಾರಣ ಇಷ್ಟೇ: ಹೊಲಿದ ಮೇಲುಡುಪುಗಳ ವೈವಿಧ್ಯ ಉತ್ತರದಷ್ಟು ಇಲ್ಲದಿದ್ದ ಕಡೆ ಅವುಗಳ ಪ್ರತ್ಯೇಕ ಹೆಸರುಗಳ ನಡುವಿನ ಗೆರೆಗಳೂ ಉಳಿಯಲಿಲ್ಲ, ಸಡಿಲವಾಗಿ, ಉದ್ದವಾಗಿ, ಮುಸ್ಲಿಮರ ಉಡುಗೆಯನ್ನು ಹೋಲುವಂತೆ ಇದ್ದದ್ದೆಲ್ಲ ಜುಬ್ಬವಾಯಿತು. ಧರ್ಮಗುರುಗಳ ಉದ್ದನೆಯ ನಿಲುವಂಗಿಯನ್ನು ಕರ್ನಾಟಕದ ಮುಸ್ಲಿಮರು ಇಂದಿಗೂ ಜುಬ್ಬಾ ಎಂದೇ ಕರೆಯುವುದರಿಂದ ಹಳೆಯ ಅರ್ಥವೂ ನಮ್ಮ ಊರುಗಳಲ್ಲೇ ಜೀವಂತವಾಗಿದೆ. ಪಕ್ಕದ ಬೀದಿಯಲ್ಲಿ ಅದೇ ಪದಕ್ಕೆ ಗಿಡ್ಡ ಅರ್ಥವಿರುವುದು ಎರಡೂ ಬೀದಿಯವರಿಗೆ ತೊಡಕಾಗಿಲ್ಲ.

ಅದರ ಕತ್ತರಿಕೆಯ ಬಗ್ಗೆಯೂ ಒಂದು ಮಾತು. ಹಳೆಯ ಪದ್ಧತಿಯ ಜುಬ್ಬದಲ್ಲಿ ಬಾಗಿದ ಕತ್ತರಿಕೆ ಬಹಳ ಕಡಿಮೆ. ಮುಂದಕ್ಕೂ ಹಿಂದಕ್ಕೂ ಒಂದೇ ಉದ್ದನೆಯ ಪಟ್ಟೆ, ತೋಳಿಗೆ ಎರಡು ನೇರ ತುಂಡು, ಪಕ್ಕದ ಅಗಲಕ್ಕೆ ಓರೆಯಾಗಿ ಕತ್ತರಿಸಿದ ಪಟ್ಟಿಗಳು, ಕೈಯೆತ್ತಿದರೆ ಬಟ್ಟೆ ಹಿಡಿಯದಂತೆ ಕಂಕುಳಿನಲ್ಲಿ ಒಂದು ಚೌಕ. ಹೀಗೆ ಕತ್ತರಿಸಿದಾಗ ಬಟ್ಟೆಯ ಚೂರುಪಾರು ವ್ಯರ್ಥವಾಗುವುದು ಅಪರೂಪ. ಈಗ ಅಂಗಡಿಯಲ್ಲಿ ಸಿಗುವ ಸಿದ್ಧ ಜುಬ್ಬಗಳಲ್ಲಿ ಶರ್ಟಿನಂತೆ ಬಾಗಿದ ತೋಳಿನ ಜೋಡಣೆ ಇರುತ್ತದೆ, ಕಂಕುಳಿನ ಚೌಕ ಮಾಯವಾಗಿದೆ. ಹೆಸರು ಉಳಿದು ಉಡುಪು ಬದಲಾಗುವ ಕೆಲಸ ಇಲ್ಲಿಯೂ ನಡೆದೇ ಇದೆ.

ಆದರೆ ಹೆಸರು ಕೂಡ ಇನ್ನೆಷ್ಟು ಕಾಲ ಉಳಿದೀತೆಂದು ಹೇಳುವುದು ಕಷ್ಟ. ಜಪಾನಿನ ಎಳೆಯರು ಜುಬೋನ್ ಎನ್ನದೆ ‘ಪ್ಯಾಂಟ್ಸು’ ಎನ್ನುತ್ತಾರೆ, ಜುಬೋನ್ ಅಲ್ಲಿ ಹಿರಿಯರ ಮಾತಾಗಿದೆ. ಬೆಂಗಳೂರಿನ ಅಂಗಡಿಗಳ ಫಲಕಗಳಲ್ಲಿಯೂ ಜುಬ್ಬ ಹಿಂದೆ ಸರಿದು ಕುರ್ತಾ ಬಂದಿದೆ; ಜುಬ್ಬ ಎಂದು ಕೇಳಿದರೆ ಮಾರುವ ಹುಡುಗ ಖಾದಿ ಭಂಡಾರದ ದಿಕ್ಕು ತೋರಿಸುತ್ತಾನೆ. ಜಂಪರಿನ ಅವಸ್ಥೆ ಇನ್ನೂ ಮುಂದೆ ಹೋಗಿದೆ, ಅದು ಅಜ್ಜಿಯರೊಂದಿಗೇ ಹೊರಟುಹೋಗುತ್ತಿದೆ. ಅದರ ಜಾಗಕ್ಕೆ ಬಂದಿರುವ ‘ಬ್ಲೌಸು’ ಫ್ರೆಂಚ್ ಕೂಲಿಗಾರರ ದೊಗಳೆ ಮೇಲಂಗಿಯ ಹೆಸರು. ಅದಕ್ಕೂ ಹಿಂದೆ ಆ ಪದ ಎಲ್ಲಿಂದ ಬಂತೆಂಬ ಬಗ್ಗೆ ಫ್ರೆಂಚ್ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.